ತೊಂಬತ್ತು ರೂಪಾಯಿ ಬಾಡಿಗೆಯ ಲಾಡ್ಜ್

ಚೆನ್ನೈಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಒಂದು ಛಾಯಾಚಿತ್ರವನ್ನು ಕಳುಹಿಸಿದ್ದ. ಸಮುದ್ರಕ್ಕೆ ಮುಖಮಾಡಿ ನಿಂತ ಬಿಳಿಯ ಕಟ್ಟಡ, ಮುಂಭಾಗದಲ್ಲಿ ಎತ್ತರವಾದ ಕಂಬಗಳು, ಗೇಟಿನಲ್ಲಿ ಪೊಲೀಸರ ಕಾವಲು. ಜೊತೆಗೆ ನಾಲ್ಕು ಸಾಲು ಬರೆದಿದ್ದ: “ಮೇಷ್ಟ್ರೇ, ಇದು ತಮಿಳುನಾಡಿನ ಪೊಲೀಸ್ ಮಹಾನಿರ್ದೇಶಕರ ಕಚೇರಿ. ಆದರೆ ಮೊದಲು ಇದು ಲಾಡ್ಜ್ ಆಗಿತ್ತು ಎಂದು ಇಲ್ಲಿಯವರು ಹೇಳುತ್ತಾರೆ. ಅಷ್ಟು ಹಿಂದೆಯೇ ಮದ್ರಾಸಿನಲ್ಲಿ ಇಷ್ಟು ದೊಡ್ಡ ಲಾಡ್ಜ್ ಇತ್ತೇ? ಅದರಲ್ಲಿ ಇಳಿದುಕೊಳ್ಳುತ್ತಿದ್ದವರು ಯಾರು?”

ಓದಿ ನನಗೆ ನಗು ಬಂತು. ಅವನದೇನೂ ತಪ್ಪಿಲ್ಲ. ನಮ್ಮ ಮರಳವಾಡಿಯ ಸೀಮೆಯಲ್ಲಿ ಬೆಳೆದವನಿಗೆ ಲಾಡ್ಜ್ ಎಂದರೆ ಬಸ್ ನಿಲ್ದಾಣದ ಎದುರಿಗೆ, ಕೆಳಗೆ ಊಟದ ಹೋಟೆಲು, ಮೇಲೆ ಹತ್ತು ಕೊಠಡಿ ಇರುವ ಮನೆ. ಕೋರ್ಟಿನ ಕೆಲಸಕ್ಕೆ ಬಂದು ಕೊನೆಯ ಬಸ್ಸು ತಪ್ಪಿಸಿಕೊಂಡವನು ರಾತ್ರಿ ಕಳೆಯುವ ಜಾಗ. ನನಗೂ ನಡುವಯಸ್ಸಿನವರೆಗೆ ಬೇರೆ ಅರ್ಥ ಗೊತ್ತಿರಲಿಲ್ಲ. ಅವನಿಗೆ ಎರಡು ಸಾಲಿನ ಉತ್ತರ ಬರೆಯಲು ಕುಳಿತೆ. ಬರೆಯುತ್ತ ಹೋದಂತೆ ಆ ಕಟ್ಟಡದ ಕಥೆಯೊಳಗಿಂದ ನಮ್ಮ ಶಾಲೆಯ ಹಳೆಯ ಕಟ್ಟಡ ಎದ್ದು ಬಂತು. ಅದರ ವಿಷಯವನ್ನು ನಾನು ನಿಮ್ಮಲ್ಲಿ ಯಾರಿಗೂ ಪೂರ್ತಿಯಾಗಿ ಹೇಳಿದವನಲ್ಲ. ಆದುದರಿಂದ ಈ ಉತ್ತರ ಅವನೊಬ್ಬನಿಗೆ ಮಾತ್ರವಲ್ಲ, ಆ ಕಟ್ಟಡದಲ್ಲಿ ಕುಳಿತು ಓದಿದ ನಿಮ್ಮೆಲ್ಲರಿಗೂ.

ಮೊದಲು ಲಾಡ್ಜ್‌ನ ಅರ್ಥ. ಮಧ್ಯಯುಗದ ಯೂರೋಪಿನಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುವಾಗ ಕಲ್ಲುಕುಟಿಗರು ಕೆಲಸದ ಸ್ಥಳದ ಪಕ್ಕದಲ್ಲಿ ಒಂದು ಚಪ್ಪರ ಹಾಕಿಕೊಳ್ಳುತ್ತಿದ್ದರು. ಉಪಕರಣಗಳನ್ನು ಇಡುವುದು, ಮಳೆ ಬಂದರೆ ಕುಳಿತು ಕಲ್ಲು ಕೆತ್ತುವುದು, ಹೊಸಬನಿಗೆ ಕೆಲಸ ಕಲಿಸುವುದು, ಕಸುಬಿನ ಗುಟ್ಟುಗಳನ್ನು ಹೊರಗಿನವರಿಗೆ ಬಿಟ್ಟುಕೊಡದಂತೆ ಕಾಪಾಡುವುದು, ಎಲ್ಲವೂ ಅಲ್ಲಿಯೇ. ಆ ಚಪ್ಪರವೇ ಲಾಡ್ಜ್. ಕಾಲಕ್ರಮದಲ್ಲಿ ಕಲ್ಲನ್ನು ಮುಟ್ಟದ ದೊಡ್ಡಮನುಷ್ಯರೂ ಇಂತಹ ಕೂಟಗಳನ್ನು ಸೇರತೊಡಗಿದರು. 1717ರಲ್ಲಿ ಲಂಡನ್ನಿನ ನಾಲ್ಕು ಕೂಟಗಳು ಒಂದಾಗಿ ಮಹಾಲಾಡ್ಜ್ ಒಂದನ್ನು ರಚಿಸಿಕೊಂಡವೆಂದು ಅವರ ಚರಿತ್ರೆ ಹೇಳುತ್ತದೆ. ಇವರೇ ಫ್ರೀಮೇಸನ್ನರು. ಇವರ ಲಾಂಛನ ಗಾರೆಯವನ ಮೂಲೆಮಟ್ಟ ಮತ್ತು ಕೈವಾರ. ಸದಸ್ಯತ್ವದ ಮೂರು ಮೆಟ್ಟಿಲುಗಳಿಗೂ ಕಸುಬಿನ ಹೆಸರುಗಳೇ: ಕಲಿಯುವವನು, ಜೊತೆಗೆಲಸದವನು, ಮೇಸ್ತ್ರಿ. ದೇವರನ್ನು ಇವರು ವಿಶ್ವದ ಮಹಾಶಿಲ್ಪಿ ಎಂದು ಕರೆಯುತ್ತಾರೆ. ನಮ್ಮವರು ವಿಶ್ವಕರ್ಮ ಎಂದರು. ಅಂದಹಾಗೆ ನಮ್ಮ ಮೇಸ್ತ್ರಿ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು, ಮೇಷ್ಟ್ರು ಎಂಬುದು ಇಂಗ್ಲಿಷಿನಿಂದ. ಎರಡರ ಮೂಲವೂ ಲ್ಯಾಟಿನ್ನಿನ ಒಂದೇ ಪದ. ಗೋಡೆ ಕಟ್ಟುವವನೂ ಪಾಠ ಹೇಳುವವನೂ ದಾಯಾದಿಗಳು ಎಂದಾಯಿತು. ಈ ದಾಯಾದಿತನವನ್ನು ನಾನು ಎಷ್ಟರಮಟ್ಟಿಗೆ ಉಳಿಸಿಕೊಂಡೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಸಹೋದರ ಸಂಘ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಜೊತೆ ಭಾರತಕ್ಕೆ ಬಂತು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಕತ್ತೆಯಲ್ಲಿ, ಆಮೇಲೆ ಮದ್ರಾಸಿನಲ್ಲಿ ಲಾಡ್ಜ್‌ಗಳು ಹುಟ್ಟಿಕೊಂಡವು. ಭಾರತೀಯರಲ್ಲಿ ಮೊದಲಿಗೆ ಇದನ್ನು ಸೇರಿದವನು ಆರ್ಕಾಟಿನ ನವಾಬ ಮಹಮದ್ ಅಲಿಯ ಮಗ ಉಮ್ದತ್-ಉಲ್-ಉಮರಾ. ಅದು 1770ರ ದಶಕದಲ್ಲಿ, ತಿರುಚಿನಾಪಳ್ಳಿಯಲ್ಲಿ. ಹೈದರನ ವೈರಿಯ ಮನೆಯ ಹುಡುಗ ಎಂದು ಹೇಳಿದರೆ ನಿಮಗೆ ಬೇಗ ನೆನಪಾಗಬಹುದು. ಒಂದು ನೂರು ವರ್ಷದ ಮೇಲೆ, 1884ರಲ್ಲಿ, ಕಲ್ಕತ್ತೆಯ ಲಾಡ್ಜ್ ಒಂದನ್ನು ನರೇಂದ್ರನಾಥ ದತ್ತನೆಂಬ ತರುಣ ಸೇರಿದ. ಅವನೇ ಮುಂದೆ ಸ್ವಾಮಿ ವಿವೇಕಾನಂದನಾದ. ಒಳಗೆ ನಡೆಯುವುದನ್ನು ಹೊರಗೆ ಹೇಳಬಾರದೆಂಬ ನಿಯಮವಿದ್ದುದರಿಂದ ಜನ ತಮಗೆ ತೋಚಿದಂತೆ ಕಲ್ಪಿಸಿಕೊಂಡರು. ಉತ್ತರ ಭಾರತದ ಎಷ್ಟೋ ಊರುಗಳಲ್ಲಿ ಲಾಡ್ಜಿನ ಕಟ್ಟಡಕ್ಕೆ ಜಾದೂಘರ್ ಎಂದೇ ಹೆಸರು. 1961ರಲ್ಲಿ ಭಾರತದ್ದೇ ಆದ ಮಹಾಲಾಡ್ಜ್ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿಯೂ ಇವರ ಲಾಡ್ಜ್‌ಗಳಿವೆ. ಇವರ ತತ್ತ್ವವೇನು, ಗುಟ್ಟೇನು ಎಂಬುದರಲ್ಲಿ ನನಗೆ ವಿಶೇಷ ಕುತೂಹಲವಿಲ್ಲ. ನನ್ನ ಕುತೂಹಲ ಇರುವುದು ಅವರ ಛಾವಣಿಯ ಮೇಲೆ.

ನನ್ನ ಶಿಷ್ಯ ಕಳುಹಿಸಿದ ಚಿತ್ರದಲ್ಲಿರುವುದು ಮದ್ರಾಸಿನ ‘ಪರ್ಫೆಕ್ಟ್ ಯುನಾನಿಮಿಟಿ’ ಎಂಬ ಲಾಡ್ಜಿನವರು 1839ರಲ್ಲಿ ಕಟ್ಟಿಸಿದ ಮಂದಿರ. ‘ಪೂರ್ಣ ಐಕಮತ್ಯ’ ಎಂದು ನಾವು ಹೇಳಬಹುದು. ಈಗ ಅದರ ಮುಂದೆ ಹಾದುಹೋಗುವ ರಸ್ತೆಗೆ ಕಾಮರಾಜರ ಹೆಸರಿದೆ, ಆಚೆಗೆ ಮರೀನಾ ಎಂಬ ಲೋಕಪ್ರಸಿದ್ಧ ಕಡಲತೀರವಿದೆ. ಆದರೆ ಕಟ್ಟಿದ ಕಾಲಕ್ಕೆ ಮರೀನಾ ಎಂಬ ಹೆಸರೇ ಇರಲಿಲ್ಲ. ಗವರ್ನರ್ ಗ್ರಾಂಟ್ ಡಫ್ ಅಲ್ಲಿ ನಡೆದಾಡುವ ಹಾದಿ ಮಾಡಿಸಿ ಆ ಹೆಸರಿಟ್ಟದ್ದು 1884ರಲ್ಲಿ. ಅಷ್ಟೇ ಅಲ್ಲ, ಅಷ್ಟು ಅಗಲವಾದ ಮರಳ ಹಾಸೂ ಅಂದು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರಕ್ಕೆ ಬಂದರಿನ ಗೋಡೆಗಳು ಎದ್ದ ಮೇಲೆ, ಅಲೆಗಳು ತೀರದುದ್ದಕ್ಕೂ ತಳ್ಳಿಕೊಂಡು ಹೋಗುತ್ತಿದ್ದ ಮರಳು ಅಲ್ಲಿ ತಡೆದು ನಿಂತು, ವರ್ಷವರ್ಷಕ್ಕೂ ತೀರ ಬೆಳೆಯುತ್ತ ಬಂತು. ಅಂದರೆ ಲಾಡ್ಜಿನ ಮೊದಲ ದಶಕಗಳಲ್ಲಿ ಕಡಲು ಅದರ ಬಾಗಿಲಿಗೆ ಇಂದಿಗಿಂತ ಬಹಳ ಹತ್ತಿರದಲ್ಲಿತ್ತು. ವರ್ಷದ ಹನ್ನೆರಡು ತಿಂಗಳು ಉಪ್ಪುಗಾಳಿ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ, ಆಗೊಮ್ಮೆ ಈಗೊಮ್ಮೆ ಚಂಡಮಾರುತ. ಇಂತಹ ಸ್ಥಳದಲ್ಲಿ ಕಟ್ಟಡವನ್ನು ಕಟ್ಟುವುದು ದೊಡ್ಡದಲ್ಲ, ಕಾಪಾಡುವುದು ದೊಡ್ಡದು.

ಲಾಡ್ಜಿನವರಿಗೆ ಬಹುಶಃ ಆ ಭಾರ ಹೆಚ್ಚಾಯಿತು. 1865ರಲ್ಲಿ ಮದ್ರಾಸ್ ಪೊಲೀಸಿನ ಮುಖ್ಯಾಧಿಕಾರಿ ವಿಲಿಯಂ ರಾಬಿನ್‌ಸನ್ ಈ ಕಟ್ಟಡವನ್ನು ತಿಂಗಳಿಗೆ 90 ರೂಪಾಯಿ ಬಾಡಿಗೆಗೆ ಪಡೆದರು. 1874ರಲ್ಲಿ ಸರ್ಕಾರ ಅದನ್ನು 20,000 ರೂಪಾಯಿಗೆ ಕೊಂಡುಕೊಂಡಿತು. ಮೇಷ್ಟ್ರ ಚಟ ಬಿಡುವುದಿಲ್ಲ, ಲೆಕ್ಕ ಹಾಕಿದೆ: ವರ್ಷಕ್ಕೆ 1,080 ರೂಪಾಯಿಯಂತೆ ಒಂಬತ್ತು ವರ್ಷಕ್ಕೆ 9,720 ರೂಪಾಯಿ, ಕ್ರಯದ ಅರ್ಧದಷ್ಟನ್ನು ಬಾಡಿಗೆಯಾಗಿಯೇ ತೆತ್ತ ಮೇಲೆ ಸರ್ಕಾರಕ್ಕೆ ಕೊಳ್ಳುವ ಬುದ್ಧಿ ಬಂದಿದೆ. ಅಂದಿನಿಂದ ಇಂದಿನವರೆಗೂ ಅದು ಪೊಲೀಸ್ ಇಲಾಖೆಯ ಕೇಂದ್ರ ಕಚೇರಿ.

1993ರಲ್ಲಿ ತಮಿಳುನಾಡು ಸರ್ಕಾರ ಈ ಕಟ್ಟಡವನ್ನು ಕೆಡವಿ ಬಹುಮಹಡಿ ಕಟ್ಟಡವನ್ನು ಎಬ್ಬಿಸಲು ನಿರ್ಧರಿಸಿತು. ಹಳೆಯ ಕಟ್ಟಡಗಳ ಮೇಲೆ ಹೊರಿಸುವ ಆಪಾದನೆಗಳು ಎಲ್ಲೆಡೆಯೂ ಒಂದೇ ಬಗೆಯವು: ಹಳೆಯದಾಯಿತು, ಸೋರುತ್ತದೆ, ಜಾಗ ಸಾಲದು. ಪರಂಪರೆಯ ರಕ್ಷಣೆಗಾಗಿ 1984ರಲ್ಲಿ ಸ್ಥಾಪಿತವಾಗಿದ್ದ ಇಂಟ್ಯಾಕ್ ಸಂಸ್ಥೆಯವರು ಹೈಕೋರ್ಟಿಗೆ ಹೋದರು. ಕೆಡಹುವ ಕೆಲಸ ನಿಂತಿತು. ಸರ್ಕಾರ ಬದಲಾಯಿತು. ಕೆಡವಬೇಕೆಂದಿದ್ದ ಕಟ್ಟಡವನ್ನೇ ಆ ದಶಕ ಮುಗಿಯುವುದರೊಳಗೆ ಜೀರ್ಣೋದ್ಧಾರ ಮಾಡಿ ಅದೇ ಇಲಾಖೆ ಅದರಲ್ಲಿಯೇ ಮುಂದುವರಿಯಿತು. ಅದೇ ರಸ್ತೆಯ ಕ್ವೀನ್ ಮೇರೀಸ್ ಕಾಲೇಜಿಗೂ 2003ರಲ್ಲಿ ಇಂಥದೇ ಗಂಡಾಂತರ ಬಂದು, ಅಲ್ಲಿಯ ವಿದ್ಯಾರ್ಥಿನಿಯರು ಹಟ ಹಿಡಿದು ಅದನ್ನು ಉಳಿಸಿಕೊಂಡರು.

ನಮ್ಮ ಬೆಂಗಳೂರಿನ ಅಠಾರಾ ಕಚೇರಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಹದಿನೆಂಟು ಇಲಾಖೆಗಳಿಗಾಗಿ 1868ರಲ್ಲಿ ಕಟ್ಟಿ ಮುಗಿಸಿದ ಆ ಕೆಂಪು ಕಟ್ಟಡದಲ್ಲಿ ಈಗ ಉಚ್ಚ ನ್ಯಾಯಾಲಯವಿದೆ. 1980ರ ದಶಕದ ಆರಂಭದಲ್ಲಿ ಅದನ್ನು ಕೆಡಹುವ ಪ್ರಸ್ತಾಪ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ! ತನ್ನ ಪ್ರಾಣದ ಮೊಕದ್ದಮೆಯನ್ನು ತನ್ನ ಗೋಡೆಗಳೊಳಗೇ ಕೇಳಿಸಿಕೊಂಡ ಕಟ್ಟಡ ಮತ್ತೊಂದು ಇದ್ದರೆ ನನಗೆ ಹೇಳಿ.

ಎಲ್ಲ ಕಟ್ಟಡಗಳಿಗೂ ಈ ಭಾಗ್ಯವಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2017ರ ನವೆಂಬರಿನಲ್ಲಿ ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ. ತಿಂಗಳುಗಳನ್ನು ಗಮನಿಸಿ. ಇಂತಹ ಕಟ್ಟಡಗಳು ಬೀಳುವ ತಿಂಗಳುಗಳೇ ಅವು, ಮಳೆಗಾಲ ಅಥವಾ ಅದರ ಬೆನ್ನಿಗೆ. ಕಟ್ಟಡ ವಯಸ್ಸಾದುದರಿಂದ ಬೀಳುವುದು ಅಪರೂಪ. ನೀರು ನಿಂತುದರಿಂದ ಬೀಳುವುದೇ ಹೆಚ್ಚು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ಸೀಮೆ ಕಲ್ಲಿನ ಸೀಮೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಇಲ್ಲಿಯ ಬಂಡೆಗೆ ಇಟ್ಟಿದ್ದಾರೆ. ಅದರ ಪ್ರಾಯ ಸುಮಾರು 250 ಕೋಟಿ ವರ್ಷ. ಆದುದರಿಂದ ನಮ್ಮ ಹಳೆಯ ಮನೆಗಳಲ್ಲಿ ಕಲ್ಲುಚಪ್ಪಡಿಯ ಮಾಡು, ಇಲ್ಲವೇ ನಾಡಹೆಂಚು, ಸ್ವಲ್ಪ ಅನುಕೂಲಸ್ಥರಲ್ಲಿ ಮಂಗಳೂರು ಹೆಂಚು. ಸರ್ಕಾರಿ ಕಟ್ಟಡಗಳಿಗೆ ಮತ್ತು ಉಳ್ಳವರ ಮನೆಗಳಿಗೆ ಮಾತ್ರ ಮದ್ರಾಸ್ ತಾರಸಿ. ಹೆಸರೇ ಹೇಳುವಂತೆ ಅದು ಆ ಲಾಡ್ಜ್ ಇರುವ ಊರಿನಿಂದ ನಮಗೆ ಬಂದ ವಿದ್ಯೆ. ನೀವು ಪಾಠ ಕೇಳದೆ ಮೇಲೆ ನೋಡುತ್ತ ಕುಳಿತಿದ್ದಾಗ ಕಾಣುತ್ತಿದ್ದ, ಮರದ ಜಂತೆಗಳ ನಡುವೆ ಓರೆಯಾಗಿ ಸಾಲುಸಾಲಾಗಿ ಕೂರಿಸಿದ ತೆಳು ಇಟ್ಟಿಗೆಗಳ ಛಾವಣಿ ನೆನಪಿದೆಯೇ? ಅದೇ.

ಅದನ್ನು ಮಾಡುವ ಕ್ರಮ ಹೀಗೆ. ಗೋಡೆಯಿಂದ ಗೋಡೆಗೆ ತೇಗದ ಅಥವಾ ಬೇರೆ ಗಟ್ಟಿ ಮರದ ಜಂತೆಗಳು. ಅವುಗಳ ಮೇಲೆ, ಒಂದು ಅಂಗುಲ ದಪ್ಪದ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದು ಬಿಗಿದ ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಮಿಶ್ರಣವನ್ನು ಮೂರು ನಾಲ್ಕು ಅಂಗುಲ ಹರಡಿ, ಮರದ ಬಡಿಗೆಗಳಿಂದ ಬಡಿಯಬೇಕು. ಹೆಂಗಸರು ಸಾಲಾಗಿ ಕುಕ್ಕರುಗಾಲಿನಲ್ಲಿ ಕುಳಿತು, ಪದ ಹೇಳುತ್ತ, ಒಂದೇ ಲಯದಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ನಡುನಡುವೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುವುದು. ಬಡಿಗೆ ಎಗರಿ ಹಿಂದಕ್ಕೆ ಬರುವಷ್ಟು ಗಟ್ಟಿಯಾದರೆ ಸಾಕು ಎಂದು ಲೆಕ್ಕ. ಅದರ ಮೇಲೆ ಚಪ್ಪಟೆ ಬಿಲ್ಲೆಗಳು, ಮೋಟುಗೋಡೆಯ ಬುಡದಲ್ಲಿರುವ ದೋಣಿಗಳ ಕಡೆಗೆ ನೀರು ಹರಿಯುವಂತೆ ಇಳಿಜಾರು. ಸಿಮೆಂಟ್ ಎಂಬುದು ಎಲ್ಲಿಯೂ ಇಲ್ಲ.

ಸುಣ್ಣವೇ ಇದರ ಪ್ರಾಣ. ಎಂಟನೆಯ ತರಗತಿಯಲ್ಲಿ ನಾನು ನಿಮ್ಮಿಂದ ಮಾಡಿಸುತ್ತಿದ್ದ ಒಂದು ಪ್ರಯೋಗವನ್ನು ನೆನಪಿಸಿಕೊಳ್ಳಿ: ಸುಣ್ಣದ ತಿಳಿನೀರಿನ ಲೋಟಕ್ಕೆ ಕೊಳವೆಯಿಂದ ಊದಿದರೆ ನೀರು ಹಾಲಿನಂತಾಗುತ್ತಿತ್ತು. ಕೆಲವರು ಊದುವ ಬದಲು ಹೀರಿ ಬಾಯಿ ಸುಟ್ಟುಕೊಂಡಿದ್ದೂ ಉಂಟು, ಹೆಸರು ಹೇಳುವುದಿಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಗಾಣದಲ್ಲಿ ಅರೆದು ಗಾರೆ ಮಾಡಿ ಗೋಡೆಗೆ ಹಚ್ಚಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಲೋಟದಲ್ಲಿ ಒಂದು ನಿಮಿಷದಲ್ಲಿ ನಡೆದದ್ದು ಛಾವಣಿಯ ಮೇಲೆ ವರ್ಷಗಟ್ಟಲೆ ನಡೆಯುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರು ಒಳಗಿನ ಸುಣ್ಣವನ್ನು ಅಷ್ಟಿಷ್ಟು ಕರಗಿಸಿಕೊಂಡು ಆ ಬಿರುಕಿನಲ್ಲಿಯೇ ಬಿಟ್ಟುಹೋಗುತ್ತದೆ. ಗಾಯ ತಾನೇ ಮಾಯುತ್ತದೆ. ನೀರಿನ ಮುಂದೆ ಸುಣ್ಣದ ಗಾರೆ ನಿಲ್ಲುವುದೇ ಎಂದು ಸಂಶಯಪಡುವವರು ಕನ್ನಂಬಾಡಿಗೆ ಹೋಗಿ ನೋಡಬೇಕು. 1911ರಲ್ಲಿ ಆರಂಭವಾದ ಆ ಅಣೆಕಟ್ಟಿಗೆ ಬಳಸಿದ್ದು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆ. ಇಂದಿಗೂ ಕಾವೇರಿಯನ್ನು ಹಿಡಿದು ನಿಲ್ಲಿಸಿದೆ.

ಹಾಗಾದರೆ ಇಂತಹ ಛಾವಣಿ ಕೆಡುವುದು ಹೇಗೆ? ನೀರು ಬೀಳುವುದರಿಂದಲ್ಲ, ಹೊರಗೆ ಹೋಗಲು ದಾರಿಯಿಲ್ಲದುದರಿಂದ. ದೋಣಿಯ ಬಾಯಿ ತರಗೆಲೆಯಿಂದ ಕಟ್ಟಿಕೊಳ್ಳುತ್ತದೆ. ಹಕ್ಕಿ ಹಾಕಿದ ಅರಳಿಯ ಬೀಜ ಮೋಟುಗೋಡೆಯಲ್ಲಿ ಮೊಳೆಯುತ್ತದೆ. ನಿಂತ ನೀರು ಗೋಡೆಯೊಳಗೆ ಇಳಿದು, ಗೋಡೆಯ ಗೂಡಿನಲ್ಲಿ ಕುಳಿತ ಜಂತೆಯ ತುದಿಯನ್ನು ತಲುಪುತ್ತದೆ. ಹೊರಗೆ ಕಾಣುವ ಮರ ಗಟ್ಟಿಯಾಗಿಯೇ ಇರುತ್ತದೆ. ಕಾಣದ ತುದಿ ಲಡ್ಡಾಗುತ್ತದೆ. ಆಗ ನಮ್ಮವರು ಮಾಡುವ ಮೊದಲ ಕೆಲಸ ಒಂದು ಮೂಟೆ ಸಿಮೆಂಟ್ ತಂದು ಮೇಲೆ ಬಳಿಯುವುದು. ಸಿಮೆಂಟಿಗೂ ಸುಣ್ಣಕ್ಕೂ ಬಿಸಿಲಿನಲ್ಲಿ ಹಿಗ್ಗುವ ಅಳತೆ ಬೇರೆ, ಬಿಗಿತ ಬೇರೆ. ವರ್ಷ ಕಳೆಯುವುದರೊಳಗೆ ಅವೆರಡರ ನಡುವೆ ಬಿರುಕು. ಅದರಲ್ಲಿ ನೀರು ಒಳಗೆ ಹೋಗುತ್ತದೆ, ಮೇಲೆ ಸಿಮೆಂಟಿನ ಮುಚ್ಚಳ ಇರುವುದರಿಂದ ಆವಿಯಾಗಿ ಹೊರಗೆ ಬರಲಾರದು. ಸುಣ್ಣದ ಗೋಡೆ ಉಸಿರಾಡುತ್ತದೆ; ನಾವು ಅದರ ಮೂಗು ಮುಚ್ಚುತ್ತೇವೆ. ಕಡಲತೀರದಲ್ಲಿ ಈ ತೊಂದರೆ ಇಮ್ಮಡಿ. ಒಳಗೆ ಸೇರಿದ ಉಪ್ಪು ಒಣಗಿದಾಗ ಹರಳುಗಟ್ಟಿ ಗಾರೆಯನ್ನು ಹಪ್ಪಳದಂತೆ ಎಬ್ಬಿಸಿ ಉದುರಿಸುತ್ತದೆ.

ದುರಸ್ತಿಯ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಛಾವಣಿಯನ್ನು ಮುಟ್ಟದೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಒಳಗೆ ತೊಟ್ಟಿಕ್ಕುವ ಜಾಗವೇ ಮೇಲಿನ ತೂತಿನ ಜಾಗವಲ್ಲ. ನೀರು ಜಂತೆಯ ಬೆನ್ನು ಹಿಡಿದು ಮಾರುದ್ದ ನಡೆದು ಆಮೇಲೆ ಬೀಳುತ್ತದೆ. ದೋಣಿ ಬಿಡಿಸಿ, ಗಿಡವನ್ನು ಬೇರುಸಹಿತ ತೆಗೆದು, ಒಂದು ಬೇಸಗೆ ಪೂರ್ತಿ ಒಣಗಲು ಬಿಡಬೇಕು. ಹಿಂದಿನವರು ಬಳಿದ ಸಿಮೆಂಟನ್ನು ಹುಷಾರಾಗಿ ಕೆತ್ತಿ ತೆಗೆಯಬೇಕು. ಜಂತೆಯ ತುದಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಕೆಟ್ಟಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸಬೇಕು. ಆಮೇಲೆ ಮತ್ತೆ ಸುಣ್ಣ. ಈ ಕೆಲಸದಲ್ಲಿ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ. ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕೆನ್ನುವ ಕಡೆಯಲ್ಲಿ ಅದೇ ದುಬಾರಿ ವಸ್ತು.

ಈಗ ನಮ್ಮ ಶಾಲೆಯ ಕಥೆಗೆ ಬರುತ್ತೇನೆ. ಊರಿನ ಹೆಸರು ಬೇಡ, ಓದಿದವರಿಗೆ ಗೊತ್ತು. ಮೂರು ಕೊಠಡಿಗಳ ಆ ಹಳೆಯ ಕಟ್ಟಡದ ಬಾಗಿಲವಾಡದ ಮೇಲಿನ ಕಲ್ಲಿನಲ್ಲಿ 1926 ಎಂದು ಕೆತ್ತಿತ್ತು. ನಾನು ಅಲ್ಲಿಗೆ ಮುಖ್ಯೋಪಾಧ್ಯಾಯನಾಗಿ ಹೋದ ಹೊಸತರಲ್ಲಿ ಅದು ಸೋರುತ್ತಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ನಡುಕೊಠಡಿಯ ಹಿಂದಿನ ಮೂಲೆಯಲ್ಲಿ ಒಂದು ಕಂದು ಕಲೆ ಕಾಣಿಸಿತು. ಮರುವರ್ಷ ತೊಟ್ಟಿಕ್ಕಿತು. ಬಕೆಟ್ಟು ಇಟ್ಟೆವು. ಸ್ಥಳೀಯ ಕೆಲಸಗಾರರನ್ನು ಕರೆಸಿ ಎರಡು ಮೂಟೆ ಸಿಮೆಂಟ್ ಬಳಿಸಿದೆ. ಅದು ನನ್ನದೇ ಆಜ್ಞೆ. ಸೋರುವುದು ಒಂದು ಮಳೆಗಾಲ ನಿಂತು, ಮುಂದಿನ ಮಳೆಗಾಲದಲ್ಲಿ ಮೂರು ಕಡೆ ಹಬ್ಬಿತು. ಒಂದು ದಿನ ಪ್ರಾರ್ಥನೆಯ ವೇಳೆಯಲ್ಲಿ, ಪುಣ್ಯಕ್ಕೆ ಒಳಗೆ ಯಾರೂ ಇಲ್ಲದಾಗ, ಅಂಗೈಯಗಲದ ಗಾರೆಯ ಹೆಂಟೆ ಹಿಂದಿನ ಬೆಂಚಿನ ಮೇಲೆ ಬಿತ್ತು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಬೆಂಚಿನ ಮೇಲೆ ಕೂರುತ್ತಿದ್ದ ನಾಲ್ವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಮರುದಿನವೇ ಅರ್ಜಿ ಬರೆದೆ: ಕಟ್ಟಡ ಶಿಥಿಲವಾಗಿದೆ, ಮಕ್ಕಳ ಪ್ರಾಣಕ್ಕೆ ಅಪಾಯವಿದೆ, ಕೆಡವಿ ಹೊಸದನ್ನು ಮಂಜೂರು ಮಾಡಬೇಕು. ಪರೀಕ್ಷಿಸಲು ಬಂದವರು ಕೆಳಗಿನಿಂದ ನೋಡಿ ಹೌದೆಂದರು. ಏಣಿ ತರಿಸಿ ಮೇಲೆ ಹತ್ತಿ ನೋಡಬೇಕೆಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಶಿಥಿಲ ಕಟ್ಟಡವೆಂಬ ಪತ್ರದ ಮೇಲೆ ಊರಿನ ನಾಲ್ವರು ಹಿರಿಯರ ಜೊತೆಯಲ್ಲಿ ನನ್ನ ಸಹಿಯೂ ಬಿತ್ತು. ಅದು 1994. ಮದ್ರಾಸಿನಲ್ಲಿ ಲಾಡ್ಜಿನ ಕಟ್ಟಡವನ್ನು ಉಳಿಸಲು ಜನ ಓಡಾಡುತ್ತಿದ್ದ ದಿನಗಳು ಅವೇ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಮಕ್ಕಳನ್ನು ಆ ಕೊಠಡಿಯಿಂದ ಹೊರಗೆ ಕೂರಿಸಿದ್ದು ಸರಿಯೇ. ಅದರ ಬಗ್ಗೆ ನನಗೆ ಇಂದಿಗೂ ಸಂಶಯವಿಲ್ಲ. ಕೆಡವಿಸಿದ್ದು ಬೇರೆ ಮಾತು.

ಬೇಸಗೆ ರಜೆಯಲ್ಲಿ ಕೆಡಹುವ ಕೆಲಸ ನಡೆಯಿತು. ಎರಡು ದಿನದಲ್ಲಿ ಮುಗಿಯುತ್ತದೆ ಎಂದಿದ್ದರು, ಒಂಬತ್ತು ದಿನ ಹಿಡಿಯಿತು. ಶಿಥಿಲವೆಂದು ನಾನು ಸಹಿ ಹಾಕಿದ ತಾರಸಿಯ ಮೇಲೆ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಆ ಗುಂಪಿನಲ್ಲಿ ವಯಸ್ಸಾದ ಒಬ್ಬ ಗಾರೆಯವರಿದ್ದರು. ಚಿಕ್ಕಂದಿನಲ್ಲಿ ಸುಣ್ಣದ ಗಾಣ ಹೊಡೆದವರು. ಕೆಳಗಿಳಿಸಿದ ಜಂತೆಗಳನ್ನು ಅವರು ಸಾಲಾಗಿ ಮಲಗಿಸಿ, ಒಂದೊಂದರ ತುದಿಯನ್ನೂ ಬೆರಳಿನಿಂದ ಒತ್ತಿ ನೋಡಿ ನನ್ನನ್ನು ಕರೆದರು. ನಡುಕೊಠಡಿಯ ಹದಿನಾಲ್ಕು ಜಂತೆಗಳಲ್ಲಿ ಎರಡರ ತುದಿ ಮಾತ್ರ ಲಡ್ಡಾಗಿತ್ತು. ಉಳಿದ ಹನ್ನೆರಡು ಬೆಲ್ಲದ ಬಣ್ಣದಲ್ಲಿ, ನಿನ್ನೆ ಕೊಯ್ದಂತೆ ಇದ್ದವು. “ಎಲ್ಡು ಜಂತೆ ಬದ್ಲಾಯ್ಸಿ ದೋಣಿ ಬುಡ್ಸಿದ್ರೆ ಆಗೋಗಿತ್ತು ಮೇಷ್ಟ್ರೇ. ಇನ್ನೂ ಒಂದ್ ತಲೆಮಾರು ಕೂತ್ಕೊಂಡು ಓದ್ತಿದ್ರು ಐಕ್ಳು,” ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಆಮೇಲೆ ಅವರು ಹಿಂದಿನ ಗೋಡೆಯ ಕಡೆಗೆ ನಡೆದು, ಬಿದ್ದಿದ್ದ ಕಲ್ಲುದೋಣಿಯನ್ನು ಕಾಲಿನಿಂದ ಹೊರಳಿಸಿದರು. ಅದರ ಬಾಯಿಗೆ ಬಿರಡೆ ಹಾಕಿದಂತೆ ಒಂದು ರಬ್ಬರು ಚೆಂಡು ಕಚ್ಚಿಕೊಂಡಿತ್ತು. ಸುತ್ತಲೂ ಕೊಳೆತ ಎಲೆ, ಮಣ್ಣು, ಎಲೆಯ ನಡುವೆ ಹುಲ್ಲಿನ ಬೇರು. ಚೆಂಡಿನ ಕೆಂಪು ಬಣ್ಣ ಒಂದು ಮಗ್ಗುಲಿನಲ್ಲಿ ಇನ್ನೂ ಇತ್ತು.

ಆ ಜಂತೆಗಳು ಹರಾಜಿನಲ್ಲಿ ಹೋದವು. 1926ರ ಕಲ್ಲು ಹೊಸ ಕಟ್ಟಡದ ಅಡಿಪಾಯಕ್ಕೆ ಹೋಯಿತು. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಆಗಿಹೋಗಿತ್ತು. ಹೊಸ ಕಾಂಕ್ರೀಟ್ ಕಟ್ಟಡ ಚೆನ್ನಾಗಿಯೇ ಬಂತು. ನಾನು ನಿವೃತ್ತನಾಗಿ ಬಹಳ ವರ್ಷಗಳ ಮೇಲೆ, 2022ರ ಆಗಸ್ಟ್‌ನಲ್ಲಿ ರಾಮನಗರದ ಸುತ್ತಲೂ ಕೆರೆಗಳು ಕೋಡಿ ಬಿದ್ದು ಹೆದ್ದಾರಿಯ ಮೇಲೆ ನೀರು ಹರಿದ ವಾರ ಕಳೆದ ನಂತರ, ಅಲ್ಲಿಗೆ ಹೋಗಿದ್ದೆ. ಛಾವಣಿಯ ಕೆಳಗೆ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿದ್ದವು. ಅಂದಿನ ಮುಖ್ಯೋಪಾಧ್ಯಾಯಿನಿ ಹೊಸ ಕಟ್ಟಡಕ್ಕಾಗಿ ಅರ್ಜಿ ಸಿದ್ಧಪಡಿಸಿ ಇಟ್ಟುಕೊಂಡಿದ್ದರು. “ಮೊದಲು ಏಣಿ ತರಿಸಿ ಮೇಲೆ ಹತ್ತಿ ನೋಡಿಸಿ ತಾಯೀ,” ಎಂದೆ. ತರಿಸಿದರು. ಎರಡು ಕೊಳವೆಗಳು ಕಟ್ಟಿಕೊಂಡಿದ್ದವು. ಈ ಸಲ ಪ್ಲಾಸ್ಟಿಕ್ ಬಾಟಲಿ.

ಮರೀನಾದ ಆ ಕಟ್ಟಡವನ್ನು ನಾನು ಒಮ್ಮೆ ಕಂಡಿದ್ದೇನೆ, ಹೊರಗಿನಿಂದ ಮಾತ್ರ. 2009ರಲ್ಲಿ ಕಣ್ಣಿನ ಚಿಕಿತ್ಸೆಗೆಂದು ಚೆನ್ನೈಗೆ ಹೋದಾಗ, ಒಂದು ಸಂಜೆ ತಂಗಿಯ ಮಗನನ್ನು ಜೊತೆಗೆ ಕರೆದುಕೊಂಡು ರಸ್ತೆಯ ಆಚೆಬದಿಯಲ್ಲಿ ನಿಂತು ನೋಡಿದೆ. ಮಳೆ ಬಂದು ನಿಂತಿತ್ತು. ಜನರೆಲ್ಲ ಕಡಲನ್ನು ನೋಡುತ್ತಿರುವಾಗ ಕಡಲಿಗೆ ಬೆನ್ನುಮಾಡಿ ನಿಂತು ಪೊಲೀಸ್ ಕಚೇರಿಯನ್ನು ದಿಟ್ಟಿಸುತ್ತಿದ್ದ ಮುದುಕನ ಮೇಲೆ ಒಬ್ಬ ಪೇದೆಗೆ ಅನುಮಾನ ಬಂದು ಹತ್ತಿರ ಬಂದು ವಿಚಾರಿಸಿದ. ನನ್ನ ಅರೆಬರೆ ತಮಿಳಿನಲ್ಲಿ, ತಾರಸಿಯ ನೀರು ಎಲ್ಲಿ ಇಳಿಯುತ್ತದೆ ಎಂದು ನೋಡುತ್ತಿದ್ದೇನೆ ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಕಣ್ಣಿನ ಮೇಲಿದ್ದ ಕಪ್ಪು ಕನ್ನಡಕವನ್ನೂ ನೋಡಿ, ತಂಗಿಯ ಮಗನಿಗೆ ಏನೋ ಹೇಳಿ ಹೊರಟುಹೋದ. ಏನೆಂದ ಎಂದು ಕೇಳಿದರೆ ಹುಡುಗ ಇಂದಿನವರೆಗೂ ಬಾಯಿ ಬಿಟ್ಟಿಲ್ಲ.

ಆದುದರಿಂದ ನನ್ನ ಚೆನ್ನೈಯ ಶಿಷ್ಯನಿಗೆ ಉತ್ತರ ಇಷ್ಟು: ಆ ಲಾಡ್ಜಿನಲ್ಲಿ ರಾತ್ರಿ ಇಳಿದುಕೊಳ್ಳಲು ಯಾರೂ ಬರುತ್ತಿರಲಿಲ್ಲ. ಮೂಲೆಮಟ್ಟವನ್ನೂ ಕೈವಾರವನ್ನೂ ಪೂಜ್ಯವೆಂದು ಇಟ್ಟುಕೊಂಡು, ಜನ್ಮದಲ್ಲಿ ಕರಣೆ ಹಿಡಿಯದವರು ಅಲ್ಲಿ ಸಭೆ ಸೇರುತ್ತಿದ್ದರು.

ನಿಮ್ಮಲ್ಲಿ ಎರಡು ಬೇಡಿಕೆಗಳಿವೆ. ಆ ಹಳೆಯ ಕಟ್ಟಡದ ಮುಂದೆ ತೆಗೆಸಿದ ತರಗತಿಯ ಚಿತ್ರ ಯಾರ ಮನೆಯಲ್ಲಾದರೂ ಇದ್ದರೆ, ಹಿಂದೆ ಬಾಗಿಲವಾಡದ ಕಲ್ಲು ಕಾಣುವಂತಿದ್ದರೆ, ಒಂದು ಪ್ರತಿ ಕಳುಹಿಸಿ. ನನ್ನಲ್ಲಿರುವ ಚಿತ್ರದಲ್ಲಿ ಆ ಕಲ್ಲಿನ ಜಾಗಕ್ಕೆ ಸರಿಯಾಗಿ ನನ್ನ ತಲೆ ಅಡ್ಡ ಬಂದಿದೆ. ಇನ್ನೊಂದು, ಆ ಕೆಂಪು ಚೆಂಡು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. 1990ರ ಆಸುಪಾಸಿನಲ್ಲಿ ಹಿಂದಿನ ಬಯಲಿನಲ್ಲಿ ಆಡುತ್ತ ಅದನ್ನು ತಾರಸಿಯ ಮೇಲೆ ಹೊಡೆದು, ನನಗೆ ಹೆದರಿ ಹೇಳದೆ ಮನೆಗೆ ಹೋದವರು ಯಾರೆಂದು ತಿಳಿಸಿ. ಈಗ ನಿಮಗೂ ಐವತ್ತರ ಹತ್ತಿರವಾಗಿರಬೇಕು. ಬೈಯುವುದಿಲ್ಲ. ಬಂದು ಚೆಂಡನ್ನು ತೆಗೆದುಕೊಂಡು ಹೋಗಿ, ಕಾಫಿ ಕುಡಿದು ಹೋಗಿ.